ಚಪ್ಪಲಿಯೇ ಬಸ್ಸು, ಕೋಲೇ ಕುದುರೆ
(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)



ಹೊಲದ ಕೆಲಸ ಮುಗಿಸಿ, ಮನೆ ಕೆಲಸ ಮುಗಿಸಿ ಬಂದಿದ್ದೀರಿ. ಕೆಲವರು ಮಕ್ಕಳನ್ನೂ ಕರ್ಕೊಂಡು ಬಂದಿದ್ದೀರಿ. ಬಹಳ ಸಂತೋಷ. ಇವತ್ತು ನಾವು ಆಡೋ ಮಾತು ಆ ಮಕ್ಕಳ ಬಗ್ಗೆಯೇ.

ಸ್ವಲ್ಪ ಹಿಂದಕ್ಕೆ ತಿರುಗಿ ಆ ಕಂಬದ ಹತ್ರ ನೋಡಿ. ಸದ್ದು ಮಾಡ್ಬೇಡಿ. ಒಂದು ಮಗು ತನ್ನ ಅಮ್ಮನ ಚಪ್ಪಲಿಯನ್ನು ನೆಲದ ಮೇಲೆ ತಳ್ಕೊಂಡು ಹೋಗ್ತಾ ಇದೆ. ಬಾಯಲ್ಲಿ ‘ಬುರ್ ಬುರ್’ ಅಂತ ಸದ್ದು ಮಾಡ್ತಾ ಇದೆ. ಚಪ್ಪಲಿ ಮೇಲೆ ಎರಡು ಕಲ್ಲು ಕೂತಿವೆ. ಚಪ್ಪಲಿ ಅಂದರೆ ಬಸ್ಸು. ಕಲ್ಲು ಅಂದರೆ ಬಸ್ಸಿನಲ್ಲಿ ಕೂತ ಜನ. ಈ ಆಟವನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಅದೇ ಕಟ್ಟಿಕೊಂಡಿದೆ.

ಇದನ್ನು ಕಂಡಾಗ ನಾವು ದೊಡ್ಡವರು ಏನು ಅಂತೀವಿ? ‘ಥೂ, ಚಪ್ಪಲಿ ಮುಟ್ಟಬೇಡ’ ಅಂತೀವಿ. ‘ಬರೀ ಆಟ ಆಟ, ಕೆಲಸಕ್ಕೆ ಬಾರದ್ದು’ ಅಂತೀವಿ. ಮಗು ಸ್ವಲ್ಪ ದೊಡ್ಡದಾದರೆ ‘ಆಟ ಬಿಡು, ಓದ್ಕೋ ಹೋಗು’ ಅಂತೀವಿ. ಆಟ ಬೇರೆ, ಓದು ಬೇರೆ ಅಂತ ನಾವು ತಿಳಿದಿದ್ದೀವಿ. ಅದು ಸರಿಯಾ? ಇವತ್ತು ಅದನ್ನೇ ಸ್ವಲ್ಪ ಯೋಚನೆ ಮಾಡೋಣ.

ಆಟದಲ್ಲಿ ಏನಿದೆ?

ನೀವು ಚಿಕ್ಕವರಿದ್ದಾಗ ಏನೇನು ಆಡ್ತಿದ್ರಿ, ನೆನಪು ಮಾಡ್ಕೊಳ್ಳಿ. ಅಡಿಕೆ ಹಾಳೆ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೀತಿದ್ರಿ. ಅದು ನಿಮಗೆ ಗಾಡಿ. ತೆಂಗಿನ ಗರಿಯಲ್ಲಿ ವಾಚು ಮಾಡಿ ಕೈಗೆ ಕಟ್ಕೊಳ್ತಿದ್ರಿ, ಪೀಪಿ ಮಾಡಿ ಊದ್ತಿದ್ರಿ. ಕರಟದಲ್ಲಿ ಮಣ್ಣು ತುಂಬಿ, ಸೊಪ್ಪು ಹಾಕಿ ಅಡುಗೆ ಮಾಡ್ತಿದ್ರಿ. ‘ಊಟಕ್ಕೆ ಬನ್ನಿ’ ಅಂತ ಎಲ್ಲರನ್ನೂ ಕರೀತಿದ್ರಿ. ಉತ್ತರ ಕರ್ನಾಟಕದ ಕಡೆ ಮಕ್ಕಳು ಜೋಳದ ದಂಟಿನಲ್ಲಿ ಬಂಡಿ ಕಟ್ಟುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಕೆರೆ ಮಣ್ಣು ತಂದು ಎತ್ತು ಮಾಡ್ತಾರೆ.

ಕೋಲಿನ ಮೇಲೆ ಕೂತು ‘ಹೇ ಕುದುರೆ’ ಅಂತ ಓಡದ ಮಗು ಯಾವ ಊರಲ್ಲಿದೆ? ರಷ್ಯಾ ದೇಶದಲ್ಲಿ ವಿಗೋಟ್ಸ್ಕಿ ಅಂತ ಒಬ್ಬ ದೊಡ್ಡ ಪಂಡಿತರಿದ್ದರು. 1896ರಲ್ಲಿ ಹುಟ್ಟಿದವರು, 1934ರಲ್ಲಿ ತೀರಿಕೊಂಡರು. ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತೆ ಅಂತ ತಿಳಿಯೋದೇ ಅವರ ಕೆಲಸ. ಅವರೂ ಈ ಕೋಲು ಕುದುರೆಯನ್ನೇ ನೋಡಿ ಯೋಚನೆ ಮಾಡಿದರು. ಮಗುವಿನ ಕಣ್ಣಿಗೆ ಕಾಣೋದು ಕೋಲು. ಮನಸ್ಸಿಗೆ ಕಾಣೋದು ಕುದುರೆ. ಕಣ್ಣಿಗೆ ಕಾಣದ್ದನ್ನು ಮನಸ್ಸಿನಲ್ಲಿ ಕಾಣೋದನ್ನು ಮಗು ಆಟದಿಂದಲೇ ಕಲಿಯುತ್ತೆ ಅಂತ ಅವರು ಹೇಳಿದರು.

ಈಗ ನಿಮ್ಮ ಕಲಿಕೆಯನ್ನೇ ನೋಡಿ. ಮೊದಲ ದಿನ ನಾವು ಹಲಗೆ ಮೇಲೆ ‘ಮರ’ ಅಂತ ಬರೆದೆವು. ಎರಡೇ ಅಕ್ಷರ. ಆ ಅಕ್ಷರಕ್ಕೆ ಬೇರಿಲ್ಲ, ಎಲೆಯಿಲ್ಲ, ನೆರಳಿಲ್ಲ. ‘ಈ ಗೀಟುಗಳು ಮರ ಹೇಗಾದಾವು?’ ಅಂತ ನಿಮ್ಮಲ್ಲೇ ಒಬ್ಬರು ಕೇಳಿದಿರಿ. ನೆನಪಿದೆಯಾ? ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ಬಹಳ ದೊಡ್ಡದು. ಒಂದು ಗೀಟು ಇನ್ನೊಂದು ವಸ್ತುವಿನ ಬದಲಿಗೆ ನಿಂತಿದೆ ಅಂತ ಒಪ್ಪಿಕೊಂಡ ದಿನವೇ ಓದು ಶುರು.

ಆ ಮಗು ಅದನ್ನೇ ಚಪ್ಪಲಿ ಹಿಡಿದು ಕಲೀತಾ ಇದೆ. ಚಪ್ಪಲಿ ಬಸ್ಸಿನ ಬದಲಿಗೆ ನಿಂತಿದೆ. ನಾಳೆ ಅಕ್ಷರ ಮಾತಿನ ಬದಲಿಗೆ ನಿಲ್ಲುತ್ತೆ. ಹಾಗಾಗಿ ಆಟ ಬಿಡಿಸಿ ಓದಿಗೆ ಕೂರಿಸೋದು ಅಂದರೆ ಬುಡ ಕಿತ್ತು ಹಣ್ಣು ಕೇಳಿದ ಹಾಗೆ.

ನಾವು ಮಾಡಿದ ತಪ್ಪು

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ನಮ್ಮ ಕೈಗೆ ಒಂದು ಕಟ್ಟು ಚಿತ್ರದ ಪುಸ್ತಕ ಬಂತು. ಚಿಕ್ಕ ಮಕ್ಕಳದ್ದು. ಒಂದೊಂದು ಪುಟಕ್ಕೆ ಒಂದು ದೊಡ್ಡ ಚಿತ್ರ, ಕೆಳಗೆ ಒಂದೋ ಎರಡೋ ಸಾಲು. ಬಣ್ಣ ಬಣ್ಣದ ಪುಸ್ತಕ. ನಾವು ಏನು ಮಾಡಿದೆವು ಗೊತ್ತಾ? ಮಕ್ಕಳು ಹರಿದು ಹಾಕ್ತಾರೆ ಅಂತ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದೆವು. ಯಾರಾದರೂ ದೊಡ್ಡವರು ನೋಡೋಕೆ ಬಂದಾಗ ಮಾತ್ರ ತೆಗೆದು ಜೋಡಿಸಿ ಇಡ್ತಿದ್ದೆವು. ಅವರು ಹೋದ ಮೇಲೆ ಮತ್ತೆ ಬೀಗ.

ಒಂದು ಮಳೆಗಾಲ ಕಳೆದು ಟ್ರಂಕು ತೆಗೆದರೆ ಏನಿದೆ? ಅರ್ಧ ಪುಸ್ತಕ ಗೆದ್ದಲು ತಿಂದಿತ್ತು. ಮಕ್ಕಳು ಹರಿಯಬಾರದು ಅಂತ ಇಟ್ಟಿದ್ದನ್ನು ಗೆದ್ದಲು ಓದಿ ಮುಗಿಸಿತ್ತು!

ಅವತ್ತೇ ತೀರ್ಮಾನ ಮಾಡಿದೆವು. ಉಳಿದ ಪುಸ್ತಕಗಳನ್ನು ಮನೆಗೆ ಕೊಟ್ಟು ಕಳಿಸಿದೆವು. ಕೆಲವು ಹರಿದವು. ಹೊಲಿದೆವು. ಒಂದರ ಮೇಲೆ ಸಾರು ಚೆಲ್ಲಿತ್ತು. ಅದೇ ಪುಸ್ತಕ ಎಲ್ಲರಿಗಿಂತ ಹೆಚ್ಚು ಮನೆ ಸುತ್ತಿತ್ತು. ಮಕ್ಕಳ ಪುಸ್ತಕ ಹೊಸದಾಗೇ ಉಳಿದಿದ್ದರೆ ಅದು ಒಳ್ಳೇ ಗುರುತಲ್ಲ.

ಒಬ್ಬ ತಾಯಿ, ಒಂದು ಕೋಳಿ ಪುಸ್ತಕ

ಆಗ ನಮ್ಮ ಕೇಂದ್ರಕ್ಕೆ ಒಬ್ಬ ತಾಯಿ ಬರ್ತಿದ್ದರು. ಅಕ್ಷರ ಕಲಿತು ಆರು ತಿಂಗಳಾಗಿತ್ತು. ಕೂಡಿಸಿ ಕೂಡಿಸಿ ಓದ್ತಿದ್ದರು. ಪುಸ್ತಕ ಕೊಟ್ಟರೆ ಬೇಡ ಅಂದರು. ‘ಮಗಳ ಮುಂದೆ ತಡವರಿಸೋಕೆ ನಾಚಿಕೆ ಆಗುತ್ತೆ. ನಾಳೆ ಅವಳು ಸ್ಕೂಲಿಗೆ ಹೋದ್ರೆ, ನಮ್ಮಮ್ಮನಿಗೆ ಓದೋಕೆ ಬರಲ್ಲ ಅಂತಾಳೆ’ ಅಂದರು.

ಅವರ ಮಗಳಿಗೆ ಐದು ವರ್ಷ. ಮೊದಲು ಪಟ ಪಟ ಮಾತಾಡ್ತಿದ್ದ ಹುಡುಗಿ. ಅವರಪ್ಪ ಗಾರೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ ಮೇಲೆ ಮಾತೇ ಕಡಿಮೆಯಾಗಿತ್ತು. ಕೇಳಿದ್ದಕ್ಕೆ ‘ಹೂಂ’, ‘ಉಹೂಂ’ ಇಷ್ಟೇ.

ನಾವು ಒತ್ತಾಯ ಮಾಡಿ ಒಂದು ಪುಸ್ತಕ ಕೊಟ್ಟೆವು. ಒಂದು ಕೋಳಿ, ಅದರ ಮರಿಗಳು, ಮೇಲೆ ಹಾರೋ ಹದ್ದು. ಇಷ್ಟೇ ಕಥೆ. ರಾತ್ರಿ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಆ ತಾಯಿ ‘ಕೋ... ಳಿ... ಕೋಳಿ’ ಅಂತ ಬೆರಳಿಟ್ಟು ಓದಿದರು. ಮಗಳು ನಗಲಿಲ್ಲ. ಅಮ್ಮ ಒಂದು ಮಾತು ಕೂಡಿಸುವಷ್ಟರಲ್ಲಿ ಅವಳು ಚಿತ್ರವನ್ನು ಪೂರ್ತಿ ನೋಡ್ತಿದ್ದಳು. ಅಮ್ಮ ತಡವರಿಸಿದ ಕಡೆ ಚಿತ್ರ ನೋಡಿ ತಾನೇ ಮಾತು ಹೇಳ್ತಿದ್ದಳು. ಅಮ್ಮನ ನಿಧಾನ ಮಗಳಿಗೆ ಅನುಕೂಲವೇ ಆಯ್ತು.

ಎರಡು ದಿನ ಕಳೀತು. ಹುಡುಗಿ ಜಗಲಿ ಮೇಲೆ ಹುಣಸೆ ಬೀಜ ಸಾಲಾಗಿ ಇಟ್ಟಿದ್ದಳು. ಅವು ಮರಿಗಳು. ಮೇಲೆ ಕರಟ ಕವುಚಿದ್ದಳು. ಅದು ತಾಯಿಕೋಳಿ. ತಾಯಿಗೆ ಆ ಕರಟ ಒಲೆಗೆ ಬೇಕಿತ್ತು. ‘ಕೊಡೇ ಇಲ್ಲಿ’ ಅನ್ನೋಕೆ ಬಾಯಿ ತೆರೆದರು. ಏನೋ ಅನ್ನಿಸಿ ಸುಮ್ಮನೆ ನಿಂತರು. ಮಗಳು ಬೀಜಗಳಿಗೆ ಹೇಳ್ತಾ ಇದ್ದಳು: ‘ಅಳಬೇಡಿ. ನಿಮ್ಮಪ್ಪ ಬೆಂಗಳೂರಿಗೆ ಹೋಗಿದ್ದಾರೆ. ಮನೆ ಕಟ್ಟಿ ಬರ್ತಾರೆ. ಹದ್ದು ಬಂದ್ರೆ ನಾನಿದೀನಿ.’

ಪುಸ್ತಕದಲ್ಲಿ ಅಪ್ಪನ ಮಾತೇ ಇರಲಿಲ್ಲ. ಅದು ಮಗಳ ಮನಸ್ಸಿನಲ್ಲಿತ್ತು. ನೇರವಾಗಿ ಹೇಳೋಕೆ ಐದು ವರ್ಷದ ಮಗುವಿಗೆ ಮಾತು ಸಾಲದು. ಕೋಳಿಮರಿಯ ಬಾಯಲ್ಲಿ ಹೇಳೋದು ಸುಲಭ. ಆ ತಾಯಿ ಅವತ್ತು ರಾತ್ರಿ ಗಂಡನಿಗೆ ಫೋನು ಮಾಡಿ ಮಗಳ ಕೈಗೆ ಕೊಟ್ಟರು. ‘ಅಲ್ಲಿವರೆಗೆ ಅವಳಿಗೆ ಏನಾಗಿದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ’ ಅಂತ ನಮ್ಮ ಮುಂದೆ ಹೇಳಿ ಕಣ್ಣೊರೆಸಿಕೊಂಡರು. ಒಲೆಗೆ ಹಾಕಬೇಕಿದ್ದ ಒಂದು ಕರಟ ಅಷ್ಟು ಕೆಲಸ ಮಾಡಿತ್ತು.

ಪುಸ್ತಕ ಓದಿ ತೋರಿಸೋದು ಹೇಗೆ?

ದಿನಾ ಹತ್ತು ನಿಮಿಷ ಸಾಕು. ಮಗುವನ್ನು ಪಕ್ಕದಲ್ಲಿ, ಇಲ್ಲವೇ ತೊಡೆ ಮೇಲೆ ಕೂರಿಸಿಕೊಳ್ಳಿ. ಪುಸ್ತಕವನ್ನು ಮಗುವಿನ ಕೈಗೇ ಕೊಡಿ. ಪುಟ ಅದೇ ತಿರುವಲಿ.

ಮೊದಲು ಚಿತ್ರ ನೋಡಿ, ಆಮೇಲೆ ಅಕ್ಷರ. ‘ಇದು ಯಾರು? ಏನು ಮಾಡ್ತಾ ಇದೆ? ಯಾಕೆ ಓಡ್ತಿದೆ? ಆಮೇಲೆ ಏನಾಗಬಹುದು?’ ಅಂತ ಕೇಳಿ. ಕೇಳಿದ ಮೇಲೆ ಕಾಯಿರಿ. ನಾವು ಇಲ್ಲೇ ಎಡವೋದು. ಪ್ರಶ್ನೆ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡ್ತೀವಿ. ಮಗುವಿಗೆ ಯೋಚನೆ ಮಾಡೋಕೆ ಹೊತ್ತು ಬೇಕು.

ಮಗು ಹುಲಿ ಚಿತ್ರ ನೋಡಿ ‘ಇದು ನಮ್ಮ ಬೆಕ್ಕಿನ ಮಾವ’ ಅಂದರೆ ‘ಅಲ್ಲ, ತಪ್ಪು’ ಅನ್ನಬೇಡಿ. ‘ಹೌದಾ? ಮಾವ ಊಟಕ್ಕೆ ಬಂದ್ರೆ ಏನು ಹಾಕೋಣ?’ ಅಂತ ಕೇಳಿ. ಅಲ್ಲಿಂದ ಕಥೆ ಬೆಳೆಯುತ್ತೆ. ಹುಲಿ ಅಂತ ಹೆಸರು ನಾಳೆ ಹೇಗೂ ಕಲಿಯುತ್ತೆ.

ಒಂದೇ ಪುಸ್ತಕವನ್ನು ಹತ್ತು ಸಲ ಓದು ಅಂತ ಹಟ ಮಾಡುತ್ತೆ. ಬೇಸರ ಪಡಬೇಡಿ. ಮುಂದೆ ಏನು ಬರುತ್ತೆ ಅಂತ ಗೊತ್ತಿರೋದೇ ಮಗುವಿಗೆ ಖುಷಿ. ನಿಮಗೂ ಲಾಭ ಇದೆ. ಹತ್ತನೇ ಸಲಕ್ಕೆ ನಿಮ್ಮ ಓದು ಸರಾಗ ಆಗಿರುತ್ತೆ. ಮಗುವಿಗೆ ಓದಿ ಹೇಳುತ್ತಲೇ ನೀವೂ ಕಲಿಯುತ್ತೀರಿ. ಓದೋಕೆ ಬಾರದ ಸಾಲು ಬಂತೇ? ಚಿತ್ರ ನೋಡಿ ನಿಮ್ಮ ಮಾತಿನಲ್ಲೇ ಕಥೆ ಹೇಳಿ.

ಕೆಲವರ ಮನೆ ಮಾತು ತುಳು, ಕೆಲವರದ್ದು ಲಂಬಾಣಿ, ಉರ್ದು, ತೆಲುಗು, ಕೊಂಕಣಿ. ಪುಸ್ತಕ ಕನ್ನಡದಲ್ಲಿದ್ದರೂ ಚಿತ್ರಕ್ಕೆ ಭಾಷೆ ಇಲ್ಲ. ಮನೆ ಮಾತಲ್ಲೇ ಮಾತಾಡಿ.

ದುಡ್ಡಿಲ್ಲದೆ ಆಟದ ಸಾಮಾನು

‘ಆಟದ ಸಾಮಾನು ತರೋಕೆ ದುಡ್ಡೆಲ್ಲಿ?’ ಅಂತ ನೀವು ಕೇಳಬಹುದು. ಚನ್ನಪಟ್ಟಣದ ಬೊಂಬೆ ನೋಡಿದ್ದೀರಿ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಾಕಿ ಮಾಡ್ತಾರೆ. ಬಹಳ ಚೆಂದ. ಜಾತ್ರೆಗೆ ಹೋದಾಗ ಒಂದು ತಂದುಕೊಟ್ಟರೆ ಸಂತೋಷ. ತರೋಕಾಗದಿದ್ದರೂ ಕೊರತೆಯೇನಿಲ್ಲ. ಪೇಟೆಯ ಕೀಲಿ ಕಾರು ಕಾರು ಮಾತ್ರ ಆಗುತ್ತೆ. ಖಾಲಿ ಬೆಂಕಿಪೆಟ್ಟಿಗೆ ಇವತ್ತು ಕಾರು, ನಾಳೆ ಮಂಚ, ನಾಡಿದ್ದು ಅಂಗಡಿ.

ಮನೆಯಲ್ಲಿ ಒಂದು ಬುಟ್ಟಿ ಇಡಿ. ಅದಕ್ಕೆ ‘ಆಟದ ಬುಟ್ಟಿ’ ಅಂತ ಹೆಸರಿಡಿ. ಕರಟ, ಖಾಲಿ ಬೆಂಕಿಪೆಟ್ಟಿಗೆ, ಬಟ್ಟೆ ಚೂರು, ಹಳೇ ಸೀರೆಯ ತುಂಡು, ನಯವಾದ ಕಲ್ಲು, ಮರದ ತುಂಡು, ನೂಲಿನ ಉಂಡೆ ಹಾಕಿ. ಸೀರೆ ತುಂಡನ್ನು ಎರಡು ಕಂಬಕ್ಕೆ ಕಟ್ಟಿದರೆ ಮನೆ ಆಯ್ತು. ಬಟ್ಟೆ ಸುತ್ತಿ ದಾರ ಕಟ್ಟಿದರೆ ಬೊಂಬೆ ಆಯ್ತು. ಹೆಂಚಿನ ಚೂರು, ಇದ್ದಿಲು ಸಿಕ್ಕರೆ ಅಂಗಳವೇ ಹಲಗೆ.

ಚಿತ್ರದ ಪುಸ್ತಕವನ್ನೂ ಮನೆಯಲ್ಲೇ ಮಾಡಬಹುದು. ಹಳೇ ಕ್ಯಾಲೆಂಡರು, ಪತ್ರಿಕೆ, ಬಿಸ್ಕತ್ತಿನ ಪೊಟ್ಟಣ ಇವುಗಳಿಂದ ಚಿತ್ರ ಕತ್ತರಿಸಿ. ದಪ್ಪ ಕಾಗದಕ್ಕೆ ಮೈದಾ ಅಂಟಿನಿಂದ ಹಚ್ಚಿ. ನಡುವೆ ಮಡಚಿ ದಪ್ಪ ದಾರದಿಂದ ಹೊಲಿಯಿರಿ. ಪ್ರತಿ ಚಿತ್ರದ ಕೆಳಗೆ ಒಂದೇ ಸಾಲು ಬರೆಯಿರಿ. ಏನು ಬರೆಯಬೇಕು ಅಂತ ಮಗುವನ್ನೇ ಕೇಳಿ. ಅದು ಹೇಳಿದ್ದನ್ನೇ ಬರೆಯಿರಿ. ತಾನು ಆಡಿದ ಮಾತು ಕಾಗದದ ಮೇಲೆ ನಿಂತದ್ದು ಕಂಡರೆ ಮಗುವಿನ ಮುಖ ಹೇಗೆ ಅರಳುತ್ತೆ, ನೀವೇ ನೋಡಿ. ಬರೆಯೋಕೆ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೇ ಉಪಯೋಗ ಬೇಕೇ?

ಆದರೆ ಎಚ್ಚರ ಇರಲಿ. ಮೂರು ವರ್ಷದೊಳಗಿನ ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತೆ. ಬೀಜ, ಗುಂಡಿ, ಮಣಿ, ಕಾಸು ಅದರ ಕೈಗೆ ಕೊಡಬೇಡಿ. ಗಂಟಲಿಗೆ, ಮೂಗಿಗೆ ಸಿಕ್ಕಿಕೊಳ್ಳುತ್ತೆ. ವಾಚಿನ ಗುಂಡಿಯಂಥ ಸೆಲ್ಲು ನುಂಗಿದರೆ ಜೀವಕ್ಕೇ ಅಪಾಯ, ಕೂಡಲೇ ಆಸ್ಪತ್ರೆಗೆ ಓಡಬೇಕು. ಔಷಧಿ ಹೊಡೆಯೋ ಡಬ್ಬಿ, ಬಣ್ಣದ ಡಬ್ಬಿಗಳನ್ನು ಎಷ್ಟು ತೊಳೆದರೂ ಆಟಕ್ಕೆ ಕೊಡಬೇಡಿ. ಪ್ಲಾಸ್ಟಿಕ್ ಚೀಲವನ್ನು ತಲೆಗೆ ಹಾಕಿಕೊಳ್ಳಲು ಬಿಡಬೇಡಿ. ಹುಳ ಬೀಳದಿರಲಿ ಅಂತ ಅಂಟಿಗೆ ಮೈಲುತುತ್ತ ಬೆರೆಸುವವರಿದ್ದಾರೆ. ಅದು ವಿಷ. ಮಕ್ಕಳ ಪುಸ್ತಕಕ್ಕೆ ಬೇಡವೇ ಬೇಡ.

ಮೀಸೆಯ ಅಮ್ಮ

ಅಣ್ಣಂದಿರೇ, ಇದು ಹೆಂಗಸರ ಕೆಲಸ ಅಂತ ನೀವು ಎದ್ದು ಹೋಗಬೇಡಿ. ಗುಜರಾತಿನ ಒಬ್ಬ ವಕೀಲರ ಕಥೆ ಕೇಳಿ. ಗಿಜುಭಾಯಿ ಬಧೇಕಾ ಅಂತ ಅವರ ಹೆಸರು. 1885ರಲ್ಲಿ ಹುಟ್ಟಿದವರು. ತಮಗೆ ಮಗ ಹುಟ್ಟಿದ ಮೇಲೆ ಮಕ್ಕಳ ಕಲಿಕೆ ಬಗ್ಗೆ ಅವರಿಗೆ ಚಿಂತೆ ಹತ್ತಿತು. ಆ ಕಾಲದ ಶಾಲೆಗಳಲ್ಲಿ ಬೆತ್ತವೇ ಗುರು. ಅವರು ವಕೀಲಿ ಬಿಟ್ಟರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಅಲ್ಲಿ ಹೊಡೆತ ಬಡಿತ ಇರಲಿಲ್ಲ. ಕಥೆ, ಹಾಡು, ಆಟ, ನಾಟಕ ಇದ್ದವು. ಮಕ್ಕಳನ್ನು ಅಷ್ಟು ಪ್ರೀತಿಯಿಂದ ಕಂಡದ್ದಕ್ಕೆ ಜನ ಅವರನ್ನು ‘ಮೀಸೆ ಇರುವ ಅಮ್ಮ’ ಅಂತಲೇ ಕರೆದರು. ಅವರು 1939ರಲ್ಲಿ ತೀರಿಕೊಂಡರು. ಆ ಹೆಸರು ಮಾತ್ರ ಇವತ್ತಿಗೂ ಉಳಿದಿದೆ.

ನಿಮಗೂ ಮೀಸೆ ಇದೆ. ದಿನಾ ಹತ್ತು ನಿಮಿಷ ಅಮ್ಮನಾಗಿ ನೋಡಿ. ಮಗು ‘ಅಪ್ಪಾ, ನೀನು ಕುದುರೆ’ ಅಂದರೆ ಬಗ್ಗಿ ಕುದುರೆಯಾಗಿ. ಅಂಗಡಿ ಆಟದಲ್ಲಿ ಸಾಲ ಕೇಳಿ. ಹುಡುಗ ಕರಟದಲ್ಲಿ ಅಡುಗೆ ಮಾಡಿದರೆ ‘ಹೆಣ್ಣಿಗನ ಆಟ’ ಅಂತ ಬೈಯಬೇಡಿ. ಹುಡುಗಿ ಬಸ್ಸು ಓಡಿಸಿದರೆ ಬೇಡ ಅನ್ನಬೇಡಿ. ಇವತ್ತು ಚಪ್ಪಲಿ ಬಸ್ಸು ಓಡಿಸಿದವಳು ನಾಳೆ ನಿಜವಾದ ಬಸ್ಸನ್ನೇ ಓಡಿಸಬಹುದು.

ಇನ್ನು ಫೋನಿನ ಮಾತು. ಮಗು ಅತ್ತರೆ ಫೋನು ಕೊಟ್ಟು ಕೂರಿಸ್ತೀವಿ. ಕೆಲಸದ ಅವಸರ, ನಮಗೂ ಗೊತ್ತು. ಆದರೆ ಫೋನಿನಲ್ಲಿ ಕುದುರೆ ತಾನೇ ಓಡುತ್ತೆ, ತಾನೇ ಕೆನೆಯುತ್ತೆ. ಮಗು ಓಡಬೇಕಿಲ್ಲ, ಕೆನೆಯಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಸಲಹೆ ಕೊಟ್ಟಿದೆ. ಎರಡು ವರ್ಷ ತುಂಬುವವರೆಗೆ ಟಿ.ವಿ., ಫೋನು ತೋರಿಸಬೇಡಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆ ಆದಷ್ಟೂ ಒಳ್ಳೇದು. ಇದೇ ಆ ಸಲಹೆ.

ಪುಸ್ತಕ ಎಲ್ಲಿ ಸಿಗುತ್ತೆ?

ಗ್ರಾಮ ಪಂಚಾಯ್ತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಅಂತ ಹೆಸರು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವಕ್ಕೆ ದುಡ್ಡಿಲ್ಲ. ದೊಡ್ಡ ಮಗು ಸದಸ್ಯನಾದರೆ ಚಿಕ್ಕದಕ್ಕೂ ಪುಸ್ತಕ ತರಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ‘ನೆಹರೂ ಬಾಲ ಪುಸ್ತಕಾಲಯ’ ಮಾಲೆಯ ಪುಸ್ತಕ ಇದೆಯಾ, ಕೇಳಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಚಿತ್ರದ ಪುಸ್ತಕ ಇದೆಯಾ, ಕೇಳಿ. ಕೇಳುವವರಿದ್ದರೆ ತರಿಸುವವರು ತರಿಸುತ್ತಾರೆ.

ಅಂಗನವಾಡಿಗೂ ಹೋಗಿ ನೋಡಿ. ಈ ಯೋಜನೆ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾಯ್ತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂಗನವಾಡಿ ಅಂದರೆ ಊಟ, ಮೊಟ್ಟೆ, ಚುಚ್ಚುಮದ್ದು ಇಷ್ಟೇ ಅಂತ ತಿಳೀಬೇಡಿ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟದಿಂದ ಕಲಿಸೋದೂ ಅದರ ಕೆಲಸವೇ. ‘ಬರೀ ಆಟ ಆಡಿಸ್ತಾರೆ’ ಅಂತ ಆ ಅಂಗನವಾಡಿ ಟೀಚರನ್ನು ದೂರಬೇಡಿ. ಆಟ ಆಡಿಸದಿದ್ದರೆ ಕೇಳಿ.

ಆಟ ಮಕ್ಕಳ ಹಕ್ಕು. ನಾವು ದಯೆ ಮಾಡಿ ಕೊಡೋ ಭಿಕ್ಷೆ ಅಲ್ಲ. ವಿಶ್ವಸಂಸ್ಥೆ 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಾಡಿತು. ಅದರ 31ನೇ ವಿಧಿಯಲ್ಲಿ ವಿಶ್ರಾಂತಿ ಮತ್ತು ಆಟದ ಹಕ್ಕು ಇದೆ. 1992ರಲ್ಲಿ ನಮ್ಮ ದೇಶವೂ ಅದನ್ನು ಒಪ್ಪಿದೆ. ತಮ್ಮನನ್ನು ಎತ್ತಿಕೊಂಡೇ ದಿನ ಕಳೆಯೋ ಹುಡುಗಿಗೂ ಈ ಹಕ್ಕಿದೆ. ದನ ಕಾಯೋಕೆ ಹೋದ ಹುಡುಗನಿಗೂ ಇದೆ. ಇದನ್ನು ಮರೀಬೇಡಿ.

ಈಗ ಮನೆಗೆ ಹೋಗೋಣ

ಮಾತು ಉದ್ದವಾಯ್ತು. ಮುಗಿಸ್ತೀವಿ. ಹೊರಡುವಾಗ ಬಾಗಿಲ ಹತ್ರ ಪುಸ್ತಕ ಇಟ್ಟಿದ್ದೀವಿ. ಒಬ್ಬೊಬ್ಬರು ಒಂದೊಂದು ತಗೊಂಡು ಹೋಗಿ. ಹರಿದರೆ ತನ್ನಿ, ಎಲ್ಲರೂ ಕೂತು ಹೊಲಿಯೋಣ. ಬೀಗ ಮಾತ್ರ ಹಾಕಬೇಡಿ.

ಆ ಕಂಬದ ಹತ್ರದ ಬಸ್ಸು ಈಗ ಎಲ್ಲಿದೆ ನೋಡಿ. ಬಾಗಿಲವರೆಗೆ ಬಂದು ನಿಂತಿದೆ. ಎರಡು ಕಲ್ಲು ಕೆಳಗೆ ಇಳಿದಿವೆ. ಅವುಗಳ ಊರು ಬಂತು ಅಂತ ಕಾಣುತ್ತೆ. ಅಕ್ಕಾ, ಆ ಚಪ್ಪಲಿ ನಿಮ್ಮದೇ ಅಲ್ವಾ? ಮನೆಗೆ ಹೋಗೋಕೆ ಬೇಕು, ಸರಿ. ಆದರೆ ಕಿತ್ಕೋಬೇಡಿ. ‘ಕಂಡಕ್ಟರೇ, ನನಗೂ ಒಂದು ಟಿಕೆಟ್ ಕೊಡಿ’ ಅಂತ ಕೇಳಿ ನೋಡಿ. ಬಸ್ಸನ್ನು ಅದೇ ನಿಮ್ಮ ಕಾಲ ಹತ್ರ ತಂದು ನಿಲ್ಲಿಸುತ್ತೆ.

ಮಾತಾಡೋಣ

1. ನೀವು ಚಿಕ್ಕವರಿದ್ದಾಗ ಯಾವ ಯಾವ ವಸ್ತುವನ್ನು ಏನೇನು ಮಾಡಿ ಆಡುತ್ತಿದ್ದಿರಿ?
2. ನಿಮ್ಮ ಮನೆಯ ಆಟದ ಬುಟ್ಟಿಯಲ್ಲಿ ಏನೇನು ಇಡುತ್ತೀರಿ? ಏನನ್ನು ಇಡಬಾರದು?
3. ಕೋಳಿ ಪುಸ್ತಕದ ತಾಯಿ ಕರಟ ಕೇಳದೆ ಸುಮ್ಮನೆ ನಿಂತದ್ದರಿಂದ ಏನಾಯಿತು?
4. ಈ ವಾರ ನಿಮ್ಮ ಮಗು ಆಡಿದ ಒಂದು ಆಟವನ್ನು ನೋಡಿ. ಅದರ ಬಗ್ಗೆ ನಾಲ್ಕು ಸಾಲು ಬರೆದು ತನ್ನಿ.